ನಿರಪರಾಧಿ ಅಮಾವಾಸ್ಯೆ

ಅಮಾವಾಸ್ಯೆ ನಿರಪರಾಧಿ ಎಂದು ಸಾಬೀತುಪಡಿಸಲು ಒಂದೇ ಒಂದು ದಿನ ಸಾಕೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಇದಕ್ಕಿಂತ ಕಠಿಣ ವಿಷಯಗಳನ್ನು ಗೆದ್ದವನು ನಾನು!

ನಮ್ಮೂರಿನ ಗಾಂಧಿನಗರದಲ್ಲಿ ನಾನು ತೆರೆಯಲಿದ್ದ ಉಚಿತ ವಾಚನಾಲಯವು ಅಮಾವಾಸ್ಯೆಯಂದೇ ಉದ್ಘಾಟನೆಯಾಗಬೇಕು, ದೀಪವನ್ನು ಕುರುಗೋಡಿನ ನಮ್ಮತ್ತೆ ಹಂಪಮ್ಮನವರೇ ಬೆಳಗಬೇಕು ಎಂಬುದು ನನ್ನ ಸಂಕಲ್ಪ. ಅತ್ತೆ ಒಪ್ಪಲಿಲ್ಲ.

"ಅಮಾಸಿ ದಿನ ನಾ ಹೊಸ್ತಿಲಾ ದಾಟಂಗಿಲ್ರಿ. ಅದಕ್ಕ ಭಾಳ ಶಕ್ತಿ ಐತಿ."

"ಯಾವ ಶಕ್ತಿನೂ ಇಲ್ರಿ! ಈ ಅಮಾಸಿಗೆ ನಿಮಗ ಸಮುದ್ರ ತೋರಸ್ತೀನಿ. ಏನೂ ಆಗದಿದ್ರ ಮುಂದಿನ ಅಮಾಸಿಗೆ ದೀಪ ಹಚ್ಚಬೇಕು."

ಎಂದೂ ಸಮುದ್ರ ಕಾಣದ ಅತ್ತೆ ಆಸೆಗೆ ಸೋತರು. ಆದರೂ ಸಿರುಗುಪ್ಪದ ಗೆಳೆಯನಿಂದ ನಾನು ತಂದ ಕಾರಿಗೆ ನಿಂಬೆಹಣ್ಣು ಕಟ್ಟಿದರು. ಅದನ್ನು ನಾನು ವೈಚಾರಿಕವಾಗಿ ಬಿಚ್ಚಿ ಎಸೆದೆ.

ಅಮಾವಾಸ್ಯೆಯ ಬೆಳಿಗ್ಗೆ ಕಾರವಾರದ ದಂಡೆ ಸೇರಿದೆವು. ನೀರು ಬಹುದೂರದಲ್ಲಿ ಸಾಧುವಾಗಿ ಮಲಗಿತ್ತು. ಒಣ ಮರಳಿನ ಮೇಲೆ ಜಮಖಾನ ಹಾಸಿ ರೊಟ್ಟಿಗಂಟು, ಅತ್ತೆಯ ಚೀಲ, ಎಲ್ಲರ ಚಪ್ಪಲಿಗಳನ್ನಿಟ್ಟೆ. ಬಿಸಿಲೇರಿದಾಗ ಎಲ್ಲವನ್ನೂ ಅಲ್ಲೇ ಬಿಟ್ಟು ಗಾಳಿಮರದ ನೆರಳಿಗೆ ಬಂದೆವು. ಸಭಿಕರು ಅತ್ತೆ, ಹೆಂಡತಿ ಇಬ್ಬರೇ ಆದರೂ, ಕಡಲಿಗೆ ಬೆನ್ನುಮಾಡಿ ನಿಂತು, ಅಮಾವಾಸ್ಯೆಯ ನಿರುಪದ್ರವಿತ್ವದ ಕುರಿತು ಉಪನ್ಯಾಸ ಆರಂಭಿಸಿದೆ.

"ಏನ್ರೀ..." ಎಂದಳು ಹೆಂಡತಿ ಸುಜಾತ.

"ಪ್ರಶ್ನೆಗಳು ಕೊನೆಯಲ್ಲಿ!"

"ಪ್ರಶ್ನಿ ಅಲ್ರೀ, ರೊಟ್ಟಿ ಹೊಂಟಾವ!"

ತಿರುಗಿದೆ. ಜಮಖಾನ ಅರಬ್ಬೀ ಸಮುದ್ರದ ಸ್ವಾಧೀನದಲ್ಲಿತ್ತು! ಓಡಿದೆ. ಬಿದ್ದೆ. ಕೈಗೆ ಸಿಕ್ಕಿದ್ದು ಅತ್ತೆಯ ಚೀಲ, ಮತ್ತು ನಮ್ಮ ಪೈಕಿ ಯಾರದ್ದೂ ಅಲ್ಲದ ಒಂದು ಚಪ್ಪಲಿ.

"ದಿನಾ ಇಷ್ಟ ಮ್ಯಾಲ ಬರ್ತೈತೇನ್ರಿ ನೀರು?" ಅತ್ತೆ ಕೇಳಿದರು.

ಸತ್ಯನಿಷ್ಠೆ ನನ್ನ ದೌರ್ಬಲ್ಯ.

"ಇಲ್ರಿ. ಅಮಾಸಿಗೆ ಸೂರ್ಯ, ಚಂದ್ರ ಒಂದ ಸಾಲಿನ್ಯಾಗ ನಿಂತು ನೀರು ಜಗ್ತಾರ. ಹುಣ್ಣಿಮಿಗೂ ಹಂಗ, ಉಬ್ಬರ ದೊಡ್ಡದು. ಅಷ್ಟಮಿ ಹೊತ್ತಿಗೆ ಒಬ್ರು ಹಿಂಗ, ಒಬ್ರು ಅಡ್ಡ ಜಗ್ಗಿ ಉಬ್ಬರ ಸಣ್ಣದು..."



"ಅಂದ್ರ ಅಮಾಸಿಗೆ ಶಕ್ತಿ ಐತಿ ಅಂತ ನೀವ ಒಪ್ಪಿದಂಗಾತು!" ಸುಜಾತ ನಕ್ಕಳು.

ಸುಡುವ ಮರಳಿನಲ್ಲಿ ಬರಿಗಾಲಲ್ಲಿ ಕುಣಿಯುತ್ತ ದೀಪದ ಆಸೆ ಬಿಟ್ಟೆ. ಅತ್ತೆ ಒದ್ದೆ ಚೀಲ ಹಿಂಡುತ್ತ ನನ್ನ ಮುಖ ನೋಡಿದರು.

"ಮಾರಿ ಯಾಕ ಸಣ್ಣ ಮಾಡ್ತೀರಿ ಅಳಿಯಂದ್ರ? ಬರ್ತೀನಿ ಬಿಡ್ರಿ."

"ಅಮಾಸಿಗೇ?"

"ಹೂನ್ರಿ. ಅಮಾಸಿ ಜಗ್ಗೋದು ಸಮುದ್ರ. ಗಾಂಧಿನಗರದಾಗ ಸಮುದ್ರ ಎಲ್ಲೈತಿ?"

ನನ್ನ ಪಕ್ಷ ಗೆದ್ದಿತು. ವಾದವನ್ನು ಮಾತ್ರ ಎದುರಾಳಿಯೇ ಮಂಡಿಸಬೇಕಾಯಿತು!

ಮುಂದಿನ ಅಮಾವಾಸ್ಯೆಯಂದು ಅತ್ತೆ ನಿರ್ಭಯವಾಗಿ ದೀಪ ಬೆಳಗಿದರು. ಮೂಢನಂಬಿಕೆಯ ವಿರುದ್ಧ ಮಾತನಾಡಿ ಹೊರಬಂದೆ. ಎಲ್ಲರ ಚಪ್ಪಲಿಗಳೂ ಬಾಗಿಲಲ್ಲೇ ಇದ್ದವು. ನನ್ನವು ಮಾತ್ರ ಎತ್ತರದ ಕಿಟಕಿಯ ಮೇಲಿದ್ದವು.

ಇಟ್ಟವನು ನಾನೇ!