ಮಾವನ ಗಿಟಾರಿನ ಮರುಯೌವನ

ಕಬ್ಬಿಣಕ್ಕೆ ನನ್ನನ್ನು ಕಂಡರೆ ಧೈರ್ಯ, ತುಕ್ಕಿಗೆ ನನ್ನನ್ನು ಕಂಡರೆ ನಡುಕ! ಇದು ಜಂಭವಲ್ಲ, ನನ್ನ ಹುದ್ದೆ. ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ತುಕ್ಕು ಪರೀಕ್ಷೆ ಮಾಡುವವನು ನಾನು. ನಿಮ್ಮ ನಲ್ಲಿಯಲ್ಲಿ ನೀರಿನ ಬಣ್ಣದ ನೀರೇ ಬರುತ್ತಿದ್ದರೆ ಅದರ ಹಿಂದೆ ನಾನಿದ್ದೇನೆ ಎಂದು ತಿಳಿಯಿರಿ. ಕೆಂಪು ನೀರು ಬಂದರೆ ಅದರ ಹಿಂದೆ ಗುತ್ತಿಗೆದಾರನಿದ್ದಾನೆ. ಕಚೇರಿಯಲ್ಲಿ ಬೆನ್ನ ಹಿಂದೆ ನನ್ನನ್ನು ‘ತುಕ್ಕುರಾಯರು’ ಎನ್ನುತ್ತಾರೆ. ನಾನು ಅದನ್ನು ಬಿರುದೆಂದೇ ಸ್ವೀಕರಿಸಿದ್ದೇನೆ.

ಇಂಥವನ ಮನೆಯಲ್ಲೇ ತುಕ್ಕು ತಲೆ ಎತ್ತಿತೆಂದರೆ ಅದರ ಕೊಬ್ಬು ಎಷ್ಟಿರಬೇಡ!

ಒಂದು ಭಾನುವಾರ ಬೆಳಿಗ್ಗೆ ನನ್ನಾಕೆ ಮಾವನ ಗಿಟಾರನ್ನು ಮಗುವಿನಂತೆ ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದಳು.

“ರೀ, ಇಲ್ನೋಡಿ. ತಂತಿ ಮೇಲೆಲ್ಲಾ ಕಂದು ಚುಕ್ಕೆ.”

ನೋಡಿದೆ. ತೆಳ್ಳಗಿನ ತಂತಿಗಳ ಮೇಲೆ ಮುದುಕರ ಕೈಮೇಲೆ ಏಳುತ್ತವಲ್ಲ, ಅಂಥ ಕಲೆಗಳು. ದಪ್ಪ ತಂತಿಗಳು ಕಪ್ಪಿಟ್ಟಿದ್ದವು.

“ಹೊಸ ತಂತಿ ಹಾಕಿಸಿದ್ರಾಯ್ತು ಬಿಡು” ಎಂದೆ.

ಆಕೆಯ ಮುಖ ನೋಡಿ ಆ ಮಾತನ್ನು ಹಿಂದಕ್ಕೆ ನುಂಗಿದೆ. ಮಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಆಸ್ಪತ್ರೆಗೆ ಹೊರಡುವ ಮುನ್ನ ಅವರು ಇದೇ ತಂತಿಗಳನ್ನು ಶ್ರುತಿ ಮಾಡಿ, “ಬಂದ್ಮೇಲೆ ನುಡಿಸ್ತೀನಿ” ಎಂದು ಗೋಡೆಗೆ ಒರಗಿಸಿ ಹೋಗಿದ್ದರು. ಬರಲಿಲ್ಲ.

“ವರ್ಷ ತುಂಬೋ ದಿನ ತಮ್ಮ ಬರ್ತಾನಲ್ಲ” ಎಂದಳು. “ಅಪ್ಪನ ಹಾಡು ಅವನ ಕೈಲಿ ನುಡಿಸ್ಬೇಕು ಅಂತಿದೀನಿ. ಇದೇ ತಂತಿ ಮೇಲೆ. ಅಪ್ಪ ಮುಟ್ಟಿದ್ದು ಅಂತ ಇನ್ನೇನು ಉಳಿದಿದೆ ಹೇಳಿ?”

ನಾನು ಎದ್ದು ನಿಂತೆ. ಎದೆ ತಾನಾಗಿಯೇ ಮುಂದೆ ಬಂತು.

“ಇಡೀ ಊರಿನ ಕೊಳವೆ ಕಾಯೋನಿಗೆ ಆರು ತಂತಿ ಯಾವ ಲೆಕ್ಕ? ಆ ದಿನ ಈ ತಂತಿಗಳು ಫಳಫಳ ಹೊಳೀದೇ ಇದ್ರೆ ನಾನು ಕೆಲಸಕ್ಕೇ ರಾಜೀನಾಮೆ ಕೊಡ್ತೀನಿ!”

ಮೂಲೆಯಲ್ಲಿ ಕನ್ನಡಕ ಒರೆಸುತ್ತಿದ್ದ ಅತ್ತೆ ತಲೆ ಎತ್ತದೆಯೇ, “ಅಷ್ಟು ದೊಡ್ಡ ಮಾತು ಯಾಕೆ ಅಳಿಯಂದ್ರೇ? ಮುಟ್ಟೋ ಮುಂಚೆ ಕೈ ತೊಳೆದು ಒರೆಸ್ಕೊಳ್ಳಿ, ಮುಟ್ಟಿದ ಮೇಲೆ ತಂತಿ ಒರೆಸಿ. ಸಾಕು” ಎಂದರು.

ಸಾಕಂತೆ! ಇಪ್ಪತ್ತು ವರ್ಷ ಸರ್ವಿಸಿನವನಿಗೆ ಬಟ್ಟೆಯಲ್ಲಿ ಒರೆಸಲು ಹೇಳುತ್ತಾರೆ!

ಮರುದಿನ ಕಚೇರಿಯಿಂದ ಬರುವಾಗ ಕೊಳವೆಯ ವಾಲ್ವುಗಳಿಗೆ ಹಚ್ಚುವ ಗ್ರೀಸ್ ಒಂದು ಡಬ್ಬಿ ತಂದೆ. ಆರೂ ತಂತಿಗಳಿಗೆ ತಲೆಯಿಂದ ಕಾಲಿನವರೆಗೆ ಬಳಿದೆ. ನೆಲದಡಿಯ ಕೊಳವೆಗೆ ಸತುವಿನ ತುಂಡು ಕಟ್ಟಿದರೆ ತುಕ್ಕು ಕೊಳವೆಯನ್ನು ಬಿಟ್ಟು ಸತುವನ್ನು ತಿನ್ನುತ್ತದೆ. ಅದು ನಮ್ಮ ಇಲಾಖೆಯ ಬ್ರಹ್ಮಾಸ್ತ್ರ. ಆ ಅಸ್ತ್ರವನ್ನೂ ಒಂದು ತಂತಿಗೆ ಬಿಗಿದು ಗಿಟಾರಿನ ಕತ್ತಿನಲ್ಲಿ ನೇತುಬಿಟ್ಟೆ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ತೇವ ಹೀರುವ ಪೊಟ್ಟಣಗಳನ್ನೆಲ್ಲ ಒಟ್ಟುಗೂಡಿಸಿ, ಗಿಟಾರಿನ ಸುತ್ತ ಪೇರಿಸಿ, ಮಾವನ ಕೋಣೆಯ ಬೀರುವಿನಲ್ಲಿ ನಿಲ್ಲಿಸಿದೆ.

“ಇದೇನ್ರೀ, ಗಿಟಾರಿಗೆ ತಾಯತ ಕಟ್ಟಿದೀರಿ?”

“ವಿಜ್ಞಾನ ಕಣೇ, ವಿಜ್ಞಾನ!”

“ನುಡಿಸಿ ನೋಡಿ ಒಂದ್ಸಲ.”

ನುಡಿಸಿದೆ. ಒದ್ದೆ ಹಾಸಿಗೆಯ ಮೇಲೆ ದಿಂಬು ಬಿದ್ದ ಸದ್ದು ಬಂತು. “ಗ್ರೀಸ್ ಕೂತ್ಕೊಳ್ಳೋವರೆಗೆ ಹಾಗೇ” ಎಂದೆ. ಅತ್ತೆ ಬೀರುವಿನ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

ಇಲ್ಲಿಂದ ಮುಂದಿನದನ್ನು ಬೆಳಕಿರುವ ಕಡೆ ಕುಳಿತು ಓದಿ.

ಆ ವಾರದ ಕೊನೆಗೆ ನಾವು ಮೂವರೂ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೆವು. ಹೊರಗೆ ಮೋಡ. ಬೀದಿಯಲ್ಲಿ ಒಂದು ಸೈಕಲ್ ಬೆಲ್ಲಿನ ಸದ್ದೂ ಇಲ್ಲ. ಮಾವನ ಕೋಣೆಯ ಬಾಗಿಲು ಮುಚ್ಚಿತ್ತು, ಅದರೊಳಗೆ ಬೀರುವೂ ಮುಚ್ಚಿತ್ತು. ಅದರ ಒಳಗಿಂದ ಕೇಳಿಸಿತು:

ಟಂ... ಯ್...

ಒಂದೇ ತಂತಿ. ನಿಧಾನವಾಗಿ ಮೀಟಿ ಬಿಟ್ಟ ಹಾಗೆ. ನಾದ ಕೋಣೆಯಿಂದ ಬಂದು, ಊಟದ ಮೇಜನ್ನು ಒಂದು ಸುತ್ತು ಹಾಕಿ, ನನ್ನ ಕುತ್ತಿಗೆಯ ಹಿಂದೆ ಎಲ್ಲೋ ಕರಗಿತು.

ನನ್ನಾಕೆ ಲೋಟ ಕೆಳಗಿಟ್ಟಳು. “ರೀ...”

“ಹವೆ ಬದಲಾದ್ರೆ ಲೋಹ ಹಿಗ್ಗುತ್ತೆ, ಕುಗ್ಗುತ್ತೆ” ಎಂದೆ. ಅಷ್ಟು ಹೇಳುವಷ್ಟರಲ್ಲಿ ನನ್ನ ದನಿಯೇ ಎರಡು ಸಲ ಹಿಗ್ಗಿ ಮೂರು ಸಲ ಕುಗ್ಗಿತ್ತು.

ಅತ್ತೆ ತುತ್ತನ್ನು ಕೈಯಲ್ಲೇ ಹಿಡಿದು ಕಿವಿಗೊಟ್ಟರು. ಆಮೇಲೆ ತಣ್ಣಗೆ, “ಇನ್ನೂ ಶ್ರುತಿ ಸೇರಿಲ್ಲ” ಎಂದು ಊಟ ಮುಂದುವರಿಸಿದರು.

ಕೆಲವು ದಿನ ಕಳೆದು ಬೀರು ತೆರೆದವನು ಹಾಗೇ ನಿಂತೆ. ಅತಿ ತೆಳ್ಳಗಿನ ತಂತಿಯ ಮೇಲೆ ಕಲೆ ಇಲ್ಲ! ಬೆಳ್ಳಿಯ ಎಳೆಯಂತೆ ಮಿಂಚುತ್ತಿದೆ! “ಬಾರೇ ಇಲ್ಲಿ! ನೋಡು ನನ್ನ ಗ್ರೀಸಿನ ಮಹಿಮೆ!” ಎಂದು ಕೂಗಿದೆ. ಆಕೆ ಓಡಿ ಬಂದು ನೋಡಿ, ಕಣ್ತುಂಬ ನಕ್ಕು, ನನ್ನ ತೋಳು ಹಿಡಿದುಕೊಂಡಳು. ಎಷ್ಟು ವರ್ಷವಾಗಿತ್ತು ಆಕೆ ಹಾಗೆ ಹಿಡಿದು! ನಾನು ಬಾಗಿಲ ಚೌಕಟ್ಟಿನಷ್ಟು ಎತ್ತರವಾದೆ.

ಆಕೆ ಹೋದ ಮೇಲೆ ಬೆರಳಿಂದ ಮುಟ್ಟಿ ನೋಡಿದೆ. ತಂತಿ ಒಣಗಿತ್ತು. ನಾನು ಬಳಿದ ಗ್ರೀಸಿನ ಗುರುತೂ ಇರಲಿಲ್ಲ. ಪಕ್ಕದ ಐದೂ ಮೊದಲಿನಂತೆ ಜಿಡ್ಡು, ಮೊದಲಿನಂತೆ ಮುಪ್ಪು.

ನಾಲ್ಕು ದಿನ ಬಿಟ್ಟು ಎರಡನೆಯದು ಹೊಸದಾಯಿತು. ಆಮೇಲೆ ಮೂರನೆಯದು. ಗಿಟಾರು ಒಂದೊಂದೇ ತಂತಿಯಾಗಿ ಹಿಂದಕ್ಕೆ, ಹರೆಯದ ಕಡೆಗೆ ನಡೆಯುತ್ತಿತ್ತು! ಹೆಂಡತಿಯ ಮುಂದೆ ಕೀರ್ತಿಯೆಲ್ಲ ನನ್ನದು. ಆ ಕೋಣೆಯ ಮುಂದೆ ಹಾದುಹೋಗುವಾಗ ಬೆವರೂ ನನ್ನದೇ. ಸ್ನಾನದ ಮನೆಗೆ ಹೋಗುವಾಗಲೂ ಸುಮ್ಮನೆ ಹಾಡು ಗುನುಗಿಕೊಂಡು ಹೋಗತೊಡಗಿದೆ. “ಏನು ಖುಷಿ ಇವತ್ತು!” ಎನ್ನುತ್ತಿದ್ದಳು ನನ್ನಾಕೆ.

ಒಂದು ಮಧ್ಯಾಹ್ನ ಜ್ವರ ಬಂದು ಕಚೇರಿಯಿಂದ ಬೇಗ ಮನೆಗೆ ಬಂದೆ. ಬೀಗ ತೆಗೆದು ಒಳಗೆ ಕಾಲಿಟ್ಟರೆ ಮಾವನ ಕೋಣೆಯೊಳಗೆ ಯಾರೋ ತಂತಿ ಬಿಗಿಯುತ್ತಿದ್ದಾರೆ! ಟಂಯ್... ಟಿಂಯ್... ನಾದ ಮೆಲ್ಲಮೆಲ್ಲಗೆ ಮೇಲೇರಿ ನಿಂತಿತು. ಆಮೇಲೆ ಕುರ್ಚಿ ಕಿರುಗುಟ್ಟಿತು. ಮಾವ ಏಳುವಾಗ ಕಿರುಗುಟ್ಟುತ್ತಿದ್ದುದು ಹಾಗೇ.

ಬಾಗಿಲು ತಳ್ಳಿದೆ. ಯಾರೂ ಇಲ್ಲ. ಬೀರುವಿನ ಬಾಗಿಲು ಅರ್ಧ ತೆರೆದಿದೆ. ಕುರ್ಚಿಯ ದಿಂಬಿನಲ್ಲಿ ಯಾರೋ ಈಗಷ್ಟೇ ಎದ್ದುಹೋದ ಗುಳಿ ಇದೆ. ಮಾವ ಮಂಡಿಗೆ ಹಚ್ಚಿಕೊಳ್ಳುತ್ತಿದ್ದ ನೋವಿನ ಮುಲಾಮಿನ ವಾಸನೆ ಘಮ್ಮೆನ್ನುತ್ತಿದೆ. ಬೀರುವಿನೊಳಗೆ ಕೈ ಚಾಚಿ ನಾಲ್ಕನೆಯ ತಂತಿಯನ್ನು ಮುಟ್ಟಿದೆ. ಅದು ನನ್ನ ಬೆರಳಿನಡಿ ಇನ್ನೂ ನಡುಗುತ್ತಿತ್ತು.

ಅಥವಾ ನನ್ನ ಬೆರಳೇ ನಡುಗುತ್ತಿತ್ತೋ! ಯಾರು ಪರೀಕ್ಷೆ ಮಾಡಿ ಕೂರುತ್ತಾರೆ? “ಮಾವ, ನಿಧಾನವಾಗಿ ಆಗಲಿ, ಏನೂ ಅವಸರ ಇಲ್ಲ” ಎಂದು ಕೈ ಮುಗಿದು, ಬೆನ್ನು ತೋರಿಸದೆ ಹಿಂದಹಿಂದಕ್ಕೆ ನಡೆದು ಹೊರಬಿದ್ದೆ. ಅಡುಗೆಮನೆಯಾಚೆ ಹಿಂದಿನ ಬಾಲ್ಕನಿಯಲ್ಲಿ ಅತ್ತೆ ಬಟ್ಟೆ ಮಡಿಸುತ್ತಿದ್ದರು.

“ಯಾಕೆ ಅಳಿಯಂದ್ರೇ, ಮುಖ ಸುಣ್ಣ ಆಗಿದೆ?”

“ಜ್ವರ ಅತ್ತೆ, ಬರೀ ಜ್ವರ!”

ವರ್ಷ ತುಂಬಲು ಒಂದೇ ದಿನ ಉಳಿಯಿತು. ಅಷ್ಟರಲ್ಲಿ ಐದು ತಂತಿ ಹೊಸದಾಗಿದ್ದವು. ಉಳಿದದ್ದು ಅತಿ ದಪ್ಪದ್ದು ಒಂದೇ. ಅದೂ ಹರೆಯಕ್ಕೆ ಬಂದರೆ ಮುಂದೇನು? ಗಿಟಾರು ಪೂರ್ತಿ ಸಿದ್ಧವಾದ ಮೇಲೆ ನುಡಿಸುವವರು ಎದ್ದು ಬರಲೇಬೇಕಲ್ಲ? ಬಂದವರು, “ನನ್ನ ಗಿಟಾರಿಗೆ ಗ್ರೀಸ್ ಹಚ್ಚಿದ ಅಳಿಯ ಎಲ್ಲಿ?” ಎಂದು ಕೇಳಿದರೆ?

ಬಂದದ್ದು ಬರಲಿ ಎಂದು ರಜೆ ಹಾಕಿದೆ. ನನ್ನಾಕೆ ತಮ್ಮನನ್ನು ಕರೆತರಲು ನಿಲ್ದಾಣಕ್ಕೆ ಹೋದಳು. ಅತ್ತೆಗೆ, “ಕಚೇರಿಗೆ ಹೋಗಿ ಬರ್ತೀನಿ” ಎಂದು ಗಟ್ಟಿಯಾಗಿ ಹೇಳಿ, ಬೀದಿಬಾಗಿಲನ್ನು ಸದ್ದಾಗುವಂತೆ ಮುಚ್ಚಿ, ಕಳ್ಳನಂತೆ ಒಳಗೇ ಉಳಿದು, ಮಾವನ ಮಂಚದಡಿ ತೂರಿದೆ. ನನ್ನ ಹೊಟ್ಟೆಯನ್ನು ಗಮನದಲ್ಲಿಟ್ಟುಕೊಂಡು ಆ ಮಂಚ ಮಾಡಿರಲಿಲ್ಲ. ಹೇಗೋ ಹಿಡಿಸಿದೆ. ಧೂಳು ಮೂಗಿಗೇರಿತು. ಗೋಡೆ ಗಡಿಯಾರ ನಡೆಯುತ್ತಿತ್ತು, ನನ್ನ ಎದೆ ಅದಕ್ಕಿಂತ ಮುಂದೆ ನಡೆಯುತ್ತಿತ್ತು.

ಬಾಗಿಲು ಮೆಲ್ಲಗೆ ತೆರೆಯಿತು.

ಮಂಚದಡಿಯಿಂದ ನನಗೆ ನೆಲದ ಮೇಲಿನ ಒಂದು ಗೇಣಷ್ಟೇ ಕಾಣುತ್ತಿತ್ತು. ಆ ಗೇಣಿನಲ್ಲಿ ಚಪ್ಪಲಿ ಬಂದವು. ಮಾವನ ಚಪ್ಪಲಿ! ಹಿಮ್ಮಡಿ ಸವೆದ, ಎಡಗಾಲಿನ ಪಟ್ಟಿಗೆ ದಾರ ಹಾಕಿ ಹೊಲಿದ, ಮನೆಯೊಳಗೆ ಅವರು ಹಾಕುತ್ತಿದ್ದ ಅದೇ ಚಪ್ಪಲಿ! ಸರ್... ಸರ್... ಎಂದು ಎಳೆದುಕೊಂಡು ಬೀರುವಿನವರೆಗೆ ಹೋದವು. ಬೀರು ತೆರೆಯಿತು. ಕುರ್ಚಿ ಕಿರುಗುಟ್ಟಿತು. ‘ಕಟ್’ ಎಂದು ಏನೋ ತುಂಡಾಯಿತು. ಹಳೆಯ ಕಪ್ಪು ತಂತಿ ಸತ್ತ ಹಾವಿನಂತೆ ನನ್ನ ಮೂಗಿನ ಮುಂದೆ ಬಿದ್ದು ಸುರುಳಿ ಸುತ್ತಿಕೊಂಡಿತು.

“ಅಯ್ಯಯ್ಯೋ!” ಎಂದು ಚೀರಿ, ಏಳಲು ಹೋಗಿ, ಮಂಚಕ್ಕೆ ತಲೆ ಚಚ್ಚಿಕೊಂಡೆ.

ಮೇಲಿನಿಂದ ಅತ್ತೆಯ ದನಿ ಕೇಳಿಸಿತು. ಅಷ್ಟು ಮೆತ್ತಗಿನ ದನಿಯನ್ನು ಅವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ.

“ಬಂದ್ರಾ? ನೆಲದ ಮೇಲೆ ಯಾಕ್ರೀ ಮಲಗಿದೀರಿ? ಶೀತ ಆಗುತ್ತೆ.”

ನಾನು ಮಂಚದಡಿಯಿಂದ ತಲೆ ಹೊರಗೆ ಹಾಕಿದೆ. ಅವರು ಬಗ್ಗಿ ನೋಡಿದರು. ಮುಖದ ಬೆಳಕು ಆರಿತು.

“ಓ... ನೀವಾ” ಎಂದರು.

ನನ್ನ ಜೀವನದಲ್ಲಿ ನನ್ನನ್ನು ನೋಡಿ ಬೇಸರಪಟ್ಟವರು ಬೇಕಾದಷ್ಟಿದ್ದಾರೆ. ಆದರೆ ಇಷ್ಟು ನ್ಯಾಯವಾಗಿ ಬೇಸರಪಟ್ಟವರು ಬೇರೆ ಇಲ್ಲ. ನಾನು ಧೂಳು ಕೊಡವಿಕೊಂಡು ನೆಲದ ಮೇಲೇ ಕುಳಿತೆ. ಅತ್ತೆ ಇಕ್ಕಳ ಪಕ್ಕಕ್ಕಿಟ್ಟು, ಪೊಟ್ಟಣದಿಂದ ಹೊಸ ತಂತಿ ತೆಗೆದು, ಕಣ್ಣು ಹತ್ತಿರ ತಂದು ತೂತಿಗೆ ಪೋಣಿಸಿದರು. ಕೈ ನೋಡಿದರೆ ಸೂಜಿಗೆ ದಾರ ಹಾಕಿದಷ್ಟು ಸಲೀಸು.

“ಅತ್ತೆ, ಹಾಗಾದ್ರೆ ಇಷ್ಟು ದಿನ...”

“ಇನ್ಯಾರು? ನಿಮ್ಮ ಪೈಪಿನ ಗ್ರೀಸು ತಂತಿ ಸುರುಳಿಯೊಳಗೆಲ್ಲಾ ಇಳಿದು ದನಿಯೇ ಸತ್ತುಹೋಗಿತ್ತು. ಒಟ್ಟಿಗೇ ಬದಲಾಯಿಸಿದ್ರೆ ಮಗಳಿಗೆ ಗೊತ್ತಾಗುತ್ತೆ. ಅದಕ್ಕೆ ಒಂದೊಂದೇ ಹಾಕ್ದೆ. ಬಾಲ್ಕನಿಗೂ ಈ ಕೋಣೆಗೂ ಬಾಗಿಲಿದೆಯಲ್ಲ, ಯಾರಾದ್ರೂ ಬಂದ್ರೆ ಆ ಕಡೆ ಹೋಗ್ತಿದ್ದೆ. ಮಂಡಿಗೆ ಅವರ ಮುಲಾಮು, ಕಾಲಿಗೆ ಅವರ ಚಪ್ಪಲಿ, ಎರಡೂ ಈಗ ನಂದೇ.”

“ಆದ್ರೆ ಅವಳು, ಅಪ್ಪ ಹಾಕಿದ ತಂತಿ ಅಂತ...”

“ಅವರೆಲ್ಲಿ ತಂತಿ ಹಾಕಿದ್ರು?” ಅತ್ತೆ ನಕ್ಕರು. “ಮದುವೆ ಆದಾಗಿಂದ ನಾನೇ ಹಾಕಿದ್ದು. ಎಂಥ ಬೆವರು ಅಂತೀರಿ ಅವರ ಕೈದು! ತಂತಿ ತಿಂಗಳೂ ತಾಳ್ತಿರ್ಲಿಲ್ಲ. ಅವರು ಕೆಲಸಕ್ಕೆ ಹೋದಾಗ ಬದಲಾಯಿಸಿ ಇಡ್ತಿದ್ದೆ. ‘ನೋಡು, ನನ್ನ ಕೈಗುಣ! ನನ್ನ ತಂತಿಗೆ ತುಕ್ಕೇ ಹಿಡಿಯಲ್ಲ’ ಅಂತ ಬಂದೋರ ಹತ್ರ ಎಲ್ಲಾ ಹೇಳ್ಕೊಳ್ಳೋರು.”

“ನೀವು ಹೇಳ್ಲೇ ಇಲ್ವಾ?”

“ಹೇಳಿದ್ರೆ ನುಡಿಸೋದು ಬಿಟ್ಟು ತಂತಿ ಉಜ್ಜೋಕೆ ಕೂತ್ಕೊಳ್ಳೋರು. ನಿಮ್ಮ ಹಾಗೆ.”

ನಾನು ತಲೆಯ ಬೋರೆ ಸವರಿಕೊಂಡೆ. ಆಗ ನೆನಪಾಯಿತು.

“ಮೊದಲನೇ ದಿನ ಊಟಕ್ಕೆ ಕೂತಾಗ ಕೇಳಿಸ್ತಲ್ಲ, ಅದನ್ನ ಹೇಗೆ ಮಾಡಿದ್ರಿ ಅತ್ತೆ?”

ಅತ್ತೆ ತಂತಿ ಸುತ್ತುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. “ಅವತ್ತು ನಾನು ನಿಮ್ಮೆದುರಿಗೇ ಊಟ ಮಾಡ್ತಿದ್ದೆನಲ್ಲಪ್ಪ?”

ನಾನು ಕುಳಿತಲ್ಲೇ ಸರಿದು ಅವರ ಕುರ್ಚಿಗೆ ಹತ್ತಿರವಾದೆ. “ಇದೆಲ್ಲಾ ಅವಳಿಗೆ ಹೇಳ್ಬೇಡಿ” ಎಂದರು ಕೊನೆಗೆ. ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಮರುದಿನ ಸಂಜೆ ಬಾಮೈದ ಮಾವನ ಕುರ್ಚಿಯಲ್ಲಿ ಕುಳಿತು ನುಡಿಸಿದ. ನನ್ನಾಕೆ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು, ಕೆನ್ನೆ ಒದ್ದೆಯಾಗಿತ್ತು. ಹಾಡು ಮುಗಿದಾಗ, “ಅಪ್ಪಂದೇ ದನಿ. ಹಾಗೇ ಇದೆ” ಎಂದಳು. ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. ಆ ತಂತಿಗಳ ವಯಸ್ಸು ತಿಳಿದಿದ್ದ ನನ್ನ ಕಣ್ಣೂ ಯಾಕೋ ಮಂಜಾಯಿತು.

ಬಾಮೈದ ತಂತಿಗಳನ್ನು ಬೆಳಕಿಗೆ ಹಿಡಿದು ನೋಡಿದ. “ಭಾವ, ಒಂದು ವರ್ಷದ ತಂತಿ ಇಷ್ಟು ಚೆನ್ನಾಗಿರೋಕೆ ಸಾಧ್ಯವೇ ಇಲ್ಲ! ನನ್ನದು ಎರಡು ತಿಂಗಳಿಗೇ ಹೋಗುತ್ತೆ. ಏನ್ ಮಾಡಿದ್ರಿ ಹೇಳಿ!”

“ಹೇಳ್ರೀ!” ಎಂದಳು ನನ್ನಾಕೆ, ಹೆಮ್ಮೆಯಿಂದ ನನ್ನ ತೋಳು ಹಿಡಿದು.

“ಹೌದು, ಹೇಳಿ ಅಳಿಯಂದ್ರೇ” ಎಂದರು ಅತ್ತೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. “ನಾನೂ ಕಲ್ತ್ಕೋತೀನಿ.”

ಬಾಯಿ ತೆರೆದೆ. ಗ್ರೀಸು ಗಂಟಲವರೆಗೂ ಬಂದು ವಾಪಸ್ಸು ಹೋಯಿತು.

“ಏನಿಲ್ಲಪ್ಪ, ತುಂಬಾ ಸುಲಭ” ಎಂದೆ. “ಅದರ ಹತ್ತಿರಕ್ಕೆ ನನ್ನನ್ನ ಬಿಡಬಾರದು, ಅಷ್ಟೇ.”