ಸಂಪದಾಳ ಮನಸ್ಸಿನ ಡೆಪ್ಯುಟೇಶನ್

ಬಾಗಿಲು ಒಂದಿಷ್ಟು ಮುಂದ ಮಾಡಿ ಬರ್ರಿ. ದನಿ ಇಳಸ್ರಿ. ಈ ಮಾತು ಈ ಗೋಡಿ ದಾಟಬಾರದು. ನಾರಾಯಣಖೇಡದ ಅರ್ಧ ಊರಿಗಿ ಗೊತ್ತಾಗ್ಯಾದ. ಉಳಿದ ಅರ್ಧದ ಮುಂದ ಮಾತ್ರ ಯಾರೂ ಬಾಯಿ ಬಿಡಬ್ಯಾಡ್ರಿ.

ತೆಲಂಗಾಣಕ್ಕಾಗಿ ಸಕಲರೂ ಸಮ್ಮೆ, ಅಂದರೆ ಮುಷ್ಕರ, ಹೂಡಿದ್ದ ವರ್ಷ, ಹೆಡ್ ಗುಮಾಸ್ತ ನಾಗೇಶರಾಯರ ಮಗಳು ಸಂಪದಾಳ ಮನಸ್ಸು ಡೆಪ್ಯುಟೇಶನ್ ಮೇಲೆ ಹೋಯಿತು. ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ.

ಬಸ್ಸು ಬಂದಾದವು, ಕಚೇರಿ ಬಂದಾದವು, ಆಕೆಯ ಇಂಟರ್ ಕಾಲೇಜೂ ಬಂದಾಯಿತು. ಅದರ ಬೆನ್ನಿಗೇ ಸಂಪದಾಳ ಊಟ, ನಿದ್ದೆ, ಮಾತು ಬಂದಾದವು. ಮಗಳೂ ಚಳವಳಿ ಸೇರಿದಳೆಂದು ರಾಯರು ಮೊದಲು ಹೆಮ್ಮೆಪಟ್ಟರು. ತಾಯಿ ವಿಮಲಾಬಾಯಿಗೆ ಮಾತ್ರ ತಡೆಯಲಿಲ್ಲ. ಹುಡುಗಿಯ ಚೂಡಿದಾರ ಗೂಟಕ್ಕೆ ತೂಗುಹಾಕಿದಂತೆ ಜೋಲಾಡುತ್ತಿತ್ತು. ಗಂಡ ಸಮ್ಮೆಯ ಟೆಂಟಿನಲ್ಲಿ ಕೂತಿದ್ದಾಗ, ಮಗಳನ್ನು ಜೀಪಿನಲ್ಲಿ ಗಡಿ ದಾಟಿಸಿ ಬೀದರದ ಡಾಕ್ಟರಿಗೆ ತೋರಿಸಿಕೊಂಡು ಬಂದಳು.

"ಏನಂದ್ರು ಡಾಕ್ಟರು?" ಅಂದರು ರಾಯರು.

"ಗುಳಿಗಿ ಕೊಟ್ಟಾರ್ರಿ. ಅದೇನೋ ಡಿಪ್ರೆ... ಡೆಪು... ನಿಮ್ಮ ಆಫೀಸಿನಾಗ ಆಗ್ತದಲ್ಲ, ಅದು ಆಗ್ಯಾದಂತ."

"ಡೆಪ್ಯುಟೇಶನ್ನಾ?"

"ಹಾಂ, ಅದೇ ಇರಬೇಕು. ದಿನಾ ಬಾಜೂಕ ಕೂತು ಆಕಿ ಮಾತು ಕೇಳ್ರಿ ಅಂದಾರ."

ರಾಯರಿಗೆ ಹಾಯೆನಿಸಿತು. ಡೆಪ್ಯುಟೇಶನ್ ಅಂದರೆ ಕೆಲಕಾಲ ಬೇರೆ ಕಚೇರಿಗೆ ಕಳಿಸುವುದು. ಅವಧಿ ಮುಗಿದರೆ ವಾಪಸು. ರೋಗವಲ್ಲ.

"ಆದ್ರ ಮಾತು ಕೇಳೋದು ಬ್ಯಾರೆ ಕೆಲಸ. ಅದಕ್ಕ ಪೋಸ್ಟ್ ಮಂಜೂರಾಗಬೇಕು. ಸಮ್ಮೆಯಾಗ ಎಲ್ಲಿಂದ ತರಲಿ?"

ಮರುದಿನ ಬಾಗಿಲಿಗೆ ಪ್ರಕಟಣೆ ಅಂಟಿತು: "ಕುಮಾರಿ ಸಂಪದಾಳ ಮನಸ್ಸು ಡೆಪ್ಯುಟೇಶನ್ ಮೇಲೆ ತೆರಳಿರುತ್ತದೆ. ಆಕೆಯ ಅಳುವಿನ ಬಗ್ಗೆ ಯಾರೂ ವಿಚಾರಿಸತಕ್ಕದ್ದಲ್ಲ. ಮಾತು ಕೇಳುವ ಹುದ್ದೆ ಖಾಲಿ ಇದ್ದು, ಸಮ್ಮೆ ಮುಗಿದ ಬಳಿಕ ಭರ್ತಿ ಮಾಡಲಾಗುವುದು."

ಓಣಿ ಒಪ್ಪಿತು. ನಿವೃತ್ತ ಜವಾನ ಪೀರಪ್ಪ, ಡೆಪ್ಯುಟೇಶನ್ನಿಗೆ ಭತ್ಯೆ ಸಿಗುತ್ತದೆಯೇ ಎಂದು ವಿಚಾರಿಸಿದ. ಎದುರುಮನೆಯ ಶಂಕ್ರೆಪ್ಪ ಮಗನ ಕೊರಳಪಟ್ಟಿ ಹಿಡಿದು ತಂದ: "ಇವನೂ ಕದಾ ಹಾಕ್ಕೊಂಡು ಅಳ್ತಾನ್ರೀ ಸಾಹೇಬ್ರ. ಇವಂದೂ ಒಂದು ಬರದುಬಿಡ್ರಿ, ಛಲೋ ಜಾಗಾ ನೋಡಿ."

ಒಂದು ಮುಂಜಾನೆ ಸಂಪದಾ ತಾನಾಗಿಯೇ ತಂದೆಯ ಮುಂದೆ ಬಂದು ನಿಂತಳು. "ಅಪ್ಪಾ, ನಾ ಇಲ್ಲೇ ಅದೀನಿ."

ರಾಯರು ಕನ್ನಡಕ ಏರಿಸಿದರು. "ಅಲ್ಲಿಂದ ಬಿಡುಗಡಿ ಮಾಡಿದ ಆರ್ಡರ್ ಎಲ್ಲದ?"

ಹುಡುಗಿ ಒಳಗೆ ಹೋದಳು. ವಿಮಲಾಬಾಯಿ ಏನೋ ಅನ್ನಬೇಕೆಂದಿದ್ದಳು. ಟೆಂಟಿಗೆ ಚಹಾ ಕಳಿಸುವ ಹೊತ್ತಾಗಿತ್ತು.

ಆಮೇಲೆ ವಿಚಿತ್ರ ನೋಡಿರಿ. ತಾಟಿನ ರೊಟ್ಟಿ ತಾಟಿನಲ್ಲೇ ಉಳಿಯುತ್ತಿತ್ತು, ಹುಡುಗಿಯ ಮುಖಕ್ಕೆ ಮಾತ್ರ ಕಳೆ ಬರುತ್ತಿತ್ತು. ಮಧ್ಯಾಹ್ನವಾದರೆ ಹುಡುಗಿ ಮನೆಯಿಂದ ಮಾಯ. ವಿಮಲಾಬಾಯಿ ಹಿತ್ತಲ ಗೋಡೆಯ ಮೇಲಿಂದ ಇಣುಕಿದಳು. ಬಚ್ಚಲ ನೀರಿನ ಜಗಳದಲ್ಲಿ ಮಾತು ಬಿಟ್ಟಿದ್ದ ಲಚ್ಚಮ್ಮನ ಅಂಗಳ! ಸಂಪದಾ ಅಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅಳುತ್ತಿದ್ದಳು, ಹೇಳುತ್ತಿದ್ದಳು, ನಡುನಡುವೆ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಲಚ್ಚಮ್ಮ ಬರೀ "ಹೂಂ" ಅನ್ನುತ್ತಿದ್ದಳು.

"ಏನ ಲಚ್ಚಮ್ಮಾ, ನನ್ನ ಮಗಳನ್ನ ಬಿಟ್ಟಿ ದುಡಿಸ್ಕೋತೀ?"

ಲಚ್ಚಮ್ಮ ಮೊರದಿಂದ ಕಣ್ಣೆತ್ತಿದಳು, ಕೂತಲ್ಲಿಂದ ಏಳಲಿಲ್ಲ.

"ಚೀರಬ್ಯಾಡ್ರಿ ಬಾಯಿ. ರಾಯರು ಬಾಗಲಿಗಿ ಹಚ್ಚಿದ್ದು ಖರೇನೇ ಅದ, ಹುಡುಗಿ ಡೆಪ್ಯುಟೇಶನ್ ಮ್ಯಾಲೇ ಅದಾಳ. ಕೇಳೋ ಪೋಸ್ಟ್ ನಿಮ್ಮ ಮನ್ಯಾಗ ಭರ್ತಿ ಆಗೋತನಾ ಆಕಿ ಹಾಜರಿ ನಮ್ಮ ಮನ್ಯಾಗ."