ಕಂಟ್ರೋಲ್ ಬಿಡಬಾರದು

ಮಷೀನು ಕೆಟ್ಟಿರಲಿಲ್ಲ. ಫೋನಿನ ಈ ತುದಿಯಲ್ಲಿ ನಾನಿದ್ದೆ, ಆದದ್ದಿಷ್ಟೇ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳಿ ನಗುತ್ತಾರೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ನಾನೇ ಬರೆದಿಡುವುದು ವಾಸಿ.

ಕೊಟ್ಟೂರಿನ ಶೇಂಗಾ ಎಣ್ಣೆ ಮಿಲ್ಲಿಗೆ ಆಗತಾನೇ ಕಂಪ್ಯೂಟರ್ ಬಂದಿತ್ತು. ಹೊಸಪೇಟೆಯಲ್ಲಿ ಕಲಿತು ಬಂದ ನನ್ನ ಸೊಸೆ ಶಾಂತಾ ಅದರ ಮುಂದೆ ಕೂರುತ್ತಿದ್ದಳು. ನಮ್ಮ ದೇವರಿಗೂ ಇಲ್ಲದ ಫ್ಯಾನು ಅದಕ್ಕಿತ್ತು. ಒಂದು ಮಧ್ಯಾಹ್ನ ರೊಟ್ಟಿ ಗಂಟು ಹಿಡಿದು ಹೋದರೆ ಇವಳ ಮುಖದಲ್ಲಿ ರಕ್ತವೇ ಇಲ್ಲ. ಪರದೆ ಕದಲದೆ ನಿಂತಿತ್ತು. ಆರಿಸಿದರೆ ಬೆಳಗಿನಿಂದ ಬಡಿದ ಬಿಲ್ಲೆಲ್ಲ ಹೋಗುತ್ತದಂತೆ. ಸಾಹುಕಾರರು ಬಾಗಿಲಲ್ಲೇ ನಿಂತಿದ್ದರು.

"ಲಾರಿ ಬಿಡೋದ್ರೊಳಗ ಬಿಲ್ ಬರ್ಲಿಲ್ಲಂದ್ರ ನಾಳಿಂದ ಬರಬ್ಯಾಡವ್ವ. ನಮಗ ಹಳೇ ಗುಮಾಸ್ತನ ಸಾಕು."

ಹೊರಗೆ ಲಾರಿಯವನು ಹಗ್ಗ ಬಿಗಿಯುತ್ತಿದ್ದ. ಅಷ್ಟರಲ್ಲಿ ಇವಳಿಗೆ ಕಂಪ್ಯೂಟರ್ ಕಲಿಸಿದ ಹೊಸಪೇಟೆಯ ಮೇಷ್ಟ್ರಿಗೆ ಬುಕ್ ಮಾಡಿದ್ದ ಟ್ರಂಕ್ ಕಾಲ್ ಮುಂದಿನ ಕೋಣೆಯಲ್ಲಿ ಬಡಿದುಕೊಂಡಿತು.

"ಅತ್ತೀ, ನಾ ಇಲ್ಲೇ ಕುಂತು ಗುಂಡಿ ಒತ್ತಬೇಕು. ನೀವ ಕೇಳಿ ಕೂಗ್ರಿ!" ಎಂದಳು ಶಾಂತಾ.

ಓಡಿದೆ. ಗರಗರ ಸದ್ದಿನ ನಡುವೆ ಮೇಷ್ಟ್ರು, "ಯಮ್ಮಾ, ಕಂಟ್ರೋಲ್ ಹಿಡ್ಕೊಳ್ಳಾಕ ಹೇಳ್ರಿ. ಬಿಡಬಾರ್ದು. ಆಮ್ಯಾಲ ಸೀ...!" ಎಂದು ಕಿರುಚಿದರು.

ನಮ್ಮ ಕಡೆ ರೇಷನ್ ಅಂಗಡಿಯನ್ನು ಕಂಟ್ರೋಲ್ ಎನ್ನುವುದು. ಸೀ ಎಂದರೆ ಸಿಹಿ. ಹಬ್ಬಕ್ಕೆ ಸಕ್ಕರೆ ಬಂದಿದೆಯೆಂಬ ಸುದ್ದಿಯೂ ಇತ್ತು. ನನಗೆ ಮೈಯೆಲ್ಲ ಉರಿಯಿತು.

"ನಮ್ ಪಾಲಿನ ಸಕ್ಕರಿ ನಾವ್ ತಂದ್ಕೋತೀವ್ರಿ! ಇಲ್ಲಿ ಹುಡುಗಿ ಕೆಲಸ ಹೋಗಾಕ ಹತ್ತೈತಿ, ಮಷೀನಿಂದು ಹೇಳ್ರಿ!"

"ಮಷೀನಿಂದೇ ಹೇಳಾಕತ್ತೀನಿ ಯಮ್ಮಾ! ಕಂಟ್ರೋಲ್! ಸೀ!"

ಕುಕ್ಕಿ ಇಟ್ಟೆ. ಹೊರಗೆ ಲಾರಿ ಎಂಜಿನ್ ಶುರುವಾಯಿತು. ಸಾಹುಕಾರರು ಗಡಿಯಾರ ನೋಡಿದರು.

"ಏನಂದ್ರು ಅತ್ತೀ?"

"ಏನಿಲ್ಲ. ಮನಿ ಉರಿಯೋವಾಗ ಕಂಟ್ರೋಲ್ ಸಕ್ಕರಿ ವಿಚಾರಸ್ತಾನ, ನಾಚಿಕಿಲ್ಲದಾಂವ."

ಶಾಂತಾ ನನ್ನನ್ನೇ ದಿಟ್ಟಿಸಿದಳು. "ಕಂಟ್ರೋಲ್ ಅಂದ್ರಾ? ಸಕ್ಕರಿ ಅಂದ್ರಾ, ಸೀ ಅಂದ್ರಾ?"

"ಸೀ ಅಂದ. ಎರಡೂ ಒಂದ ಅಲ್ಲೇನ?"

ಅವಳು ಕಂಟ್ರೋಲ್ ಎಂಬ ಗುಂಡಿ ಒತ್ತಿ ಹಿಡಿದು, ಇನ್ನೊಂದು ಬೆರಳಿಂದ ಇಂಗ್ಲಿಷಿನ ಸೀ ಅಕ್ಷರ ಕುಟ್ಟಿದಳು. ಎರಡೂ ಕೂಡಿದರೆ ಸಿಕ್ಕಿಬಿದ್ದ ಮಷೀನು ಬಿಡಿಸಿಕೊಳ್ಳುತ್ತದಂತೆ. ಪರದೆ ಪಟ್ಟನೆ ಕಣ್ಣು ಬಿಟ್ಟಿತು. ಬಿಲ್ಲುಗಳು ಕಿರಕಿರ ಎನ್ನುತ್ತ ಹೊರಬಂದು ಹೊರಟಿದ್ದ ಲಾರಿಯ ಕಿಟಕಿ ಸೇರಿದವು. ಸಾಹುಕಾರರು ಬಾಗಿಲು ಬಿಟ್ಟು ಒಳಗೆ ಹೋದರು. ನಾಳೆ ಬರಬೇಡ ಎಂಬ ಮಾತು ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಕಾರ್ಡು ಹಿಡಿದು ಕಂಟ್ರೋಲಿಗೆ ಹೋದೆ. "ಸಕ್ಕರಿ ಮುಗದೈತಿ, ಮುಂದಿನ ವಾರ ಬಾ ಯಮ್ಮ" ಎನ್ನುತ್ತ ಅಂಗಡಿಯವನು ಬಾಗಿಲೆಳೆದ. ಒಳಗೆ ಮೂಟೆ ಕಾಣುತ್ತಿತ್ತು. ಎರಡೂ ಕೈಯಿಂದ ಬಾಗಿಲು ಹಿಡಿದುಕೊಂಡೆ.

"ಬಿಡು ಯಮ್ಮ!"

"ಬಿಡಂಗಿಲ್ಲೋ ತಮ್ಮಾ. ಹೊಸಪೇಟಿ ಮೇಷ್ಟ್ರು ಹೇಳ್ಯಾರ" ಎಂದೆ. ಸೀ ಬರುವತನಕ ಹಿಡಿದೇ ಇದ್ದೆ.